ಅಕ್ಕ ಅತ್ತಿರಲಿಲ್ಲ

ಊರಿನವರ ಬಾಯಲ್ಲಿ ಅವಳು ಅಟ್ಟೆಯಮ್ಮ. ಒಂದು ಕಾಲು ಗಿಡ್ಡವಿದ್ದವರಿಗೆ, ಪಾದ ಒಳಕ್ಕೆ ತಿರುಗಿದವರಿಗೆ, ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿದವರಿಗೆ ಅಳತೆ ತೆಗೆದು, ಅಟ್ಟೆ ಕತ್ತರಿಸಿ, ಬೂಟು ಮಾಡಿಕೊಡುವುದು ಅವಳ ಕಸುಬು. ಅಂಗಡಿಯ ಮುಂದೆ ಗಿರಾಕಿಗಳು ಕೂರುವ ಬೆಂಚು, ಹಿಂದೆ ಅಂಟಿನ ವಾಸನೆ ಹೊಡೆಯುವ ಕೆಲಸದ ಕೋಣೆ. ಇಪ್ಪತ್ತೆರಡು ವರ್ಷ ಬಾಯಿಂದ ಬಾಯಿಗೆ ಹೋದ ಮಾತಿನಿಂದಲೇ ಅಂಗಡಿ ನಡೆದಿತ್ತು. ಆಮೇಲೆ ದೊಡ್ಡ ಮಳಿಗೆಗಳಲ್ಲಿ ಯಂತ್ರದಲ್ಲಿ ಒತ್ತಿದ ಅಟ್ಟೆಗಳು ಬಂದವು, ಬೆಂಚು ಖಾಲಿ ಕೂರತೊಡಗಿತು.

ಆಗ ಪ್ರಚಾರದ ಹೊಣೆ ಹೊತ್ತವನು ಅವಳ ಮೈದುನ. ನಲವತ್ತು ದಾಟಿದವನು, ಜಾಹೀರಾತು ಕಂಪನಿಯೊಂದರಲ್ಲಿ ಹದಿನೈದು ವರ್ಷ ದುಡಿದು ಬಂದವನು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುವುದು ಅವನನ್ನು ನೋಡಿಯೇ ಹುಟ್ಟಿರಬೇಕು. ಆರೋಗ್ಯದ ವಿಷಯ ಮಾತಾಡುವ ಪಾಡ್‌ಕಾಸ್ಟ್ ಒಂದಕ್ಕೆ ಅವಳನ್ನು ಅತಿಥಿಯಾಗಿ ಕರೆಸಿದವನೂ ಅವನೇ. ಹೋಗಿ ಒಂದು ಗಂಟೆ ಹರಟೆ ಹೊಡೆದು ಬಂದರೆ ಏನೂ ಗಿಟ್ಟುವುದಿಲ್ಲ ಎಂದು ಅವನು ಮೊದಲೇ ತಿಳಿಹೇಳಿದ್ದ. ಹೋಗುವ ಮುಂಚೆಯೇ ಕತ್ತರಿಸಿ ಹಂಚಬಹುದಾದ ಮೂರು ಮಾತು ಇಟ್ಟುಕೊಂಡಿರಬೇಕು. ಬಂದ ಮೇಲೆ ಆ ಒಂದು ಗಂಟೆಯನ್ನು ಕಬ್ಬಿನ ಹಾಗೆ ಹಿಂಡಬೇಕು.

"ಅತ್ತಿಗೆ, ಬೂಟು ಎಲ್ಲಾ ಕಡೆ ಸಿಗುತ್ತೆ. ನೀವು ಈ ಕೆಲಸಕ್ಕೆ ಹೇಗೆ ಬಂದ್ರಿ ಅನ್ನೋದು ನಿಮ್ಮ ಹತ್ರ ಮಾತ್ರ ಸಿಗುತ್ತೆ. ಅದನ್ನ ಹೇಳಿ," ಎಂದಿದ್ದ.

ಧ್ವನಿಮುದ್ರಣದ ಕೋಣೆ ಬಚ್ಚಲಿನಷ್ಟೇ ಇತ್ತು. ಗೋಡೆಗೆ ಸ್ಪಂಜು ಬಡಿದಿದ್ದರು. ನಿರೂಪಕಿ ಅವಳ ಕಿವಿಗೆ ಹೆಡ್‌ಫೋನ್ ಹಾಕಿದಳು. ಮೊದಲ ಸಲ ತನ್ನ ಧ್ವನಿ ತನಗೇ ಹಾಗೆ ಕೇಳಿಸಿತು: ಮೆತ್ತಗೆ, ತುಂಬಿಕೊಂಡು, ಯಾರೋ ಒಳ್ಳೆಯ ಹೆಂಗಸು ಮಾತಾಡುತ್ತಿರುವ ಹಾಗೆ. ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ನಿರೂಪಕಿ ಕೇಳಿದಾಗ ಅಟ್ಟೆಯಮ್ಮ ತನ್ನ ಅಕ್ಕನ ವಿಷಯ ಎತ್ತಿದಳು. ಅಕ್ಕನ ಬಲಗಾಲು ಎರಡು ಬೆರಳು ಗಿಡ್ಡ, ಅಷ್ಟು ನಿಜ. ಶಾಲೆಯಲ್ಲಿ ಹುಡುಗಿಯರು ಆಡಿಕೊಳ್ಳುತ್ತಿದ್ದರು, ಅದೂ ನಿಜ. ನಿರೂಪಕಿಯ ಕಣ್ಣು ಒದ್ದೆಯಾಯಿತು. ನಾಲಿಗೆಗೆ ಎಲುಬಿಲ್ಲವಲ್ಲ, ಅಲ್ಲಿಂದ ಮುಂದಕ್ಕೆ ತಾನೇ ಹೊರಳಿತು. ಅಕ್ಕ ಶಾಲೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ತಾನು ಅವಳ ಚೀಲ ಹೊತ್ತು ಕೈಹಿಡಿದು ಮನೆಗೆ ಕರೆತಂದೆ, ಅದೇ ಸಂಜೆ ಕಾರಿನ ಹಳೆಯ ರಬ್ಬರ್ ಹಾಸು ಕತ್ತರಿಸಿ ಅಕ್ಕನ ಬೂಟಿಗೆ ಮೊದಲ ಅಟ್ಟೆ ಅಂಟಿಸಿದೆ, ಆಗ ತನಗೆ ಹನ್ನೆರಡು ವರ್ಷ ಎಂದಳು.

ನಡೆದದ್ದು ಬೇರೆ. ಹನ್ನೆರಡು ವರ್ಷದ ತಂಗಿ ಶಾಲೆಯ ದಾರಿಯಲ್ಲಿ ಅಕ್ಕನಿಗಿಂತ ಹತ್ತು ಮಾರು ಮುಂದೆ ಹೋಗುತ್ತಿದ್ದಳು, ಇವಳು ಕುಂಟಿಯ ತಂಗಿ ಎಂದು ಯಾರಿಗೂ ತಿಳಿಯದಿರಲಿ ಅಂತ. ರಬ್ಬರ್ ಹಾಸು ಕತ್ತರಿಸಿದವಳು ಅಕ್ಕನೇ. ಅಡುಗೆಮನೆಯ ಚಾಕುವಿನಿಂದ, ಹೆಬ್ಬೆರಳು ಕೊಯ್ದುಕೊಂಡು, ಮೂರು ಸಲ ಅಳತೆ ತಪ್ಪಿ ನಾಲ್ಕನೆಯ ಸಲ ಸರಿಮಾಡಿದ್ದಳು. ತಂಗಿ ಬಾಗಿಲ ಮರೆಯಲ್ಲಿ ನಿಂತು ನೋಡಿದ್ದಳು. ಕಸುಬು ಕಲಿತದ್ದು ಹಾಗೆ.

ಮಾತು ಮುಗಿಸಿ ಅಟ್ಟೆಯಮ್ಮ ಹೊರಬಂದಳು. ಒಂದು ಗಂಟೆಯ ಮಾತಿನಲ್ಲಿ ಎರಡು ನಿಮಿಷದ್ದು ಯಾರ ನೆನಪಿನಲ್ಲಿ ಉಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡಳು. ಆದರೆ ಮೈದುನ ಆ ಎರಡು ನಿಮಿಷವನ್ನೇ ಎತ್ತಿಕೊಂಡ. ಸಣ್ಣ ವಿಡಿಯೊ ಮಾಡಿ ಕೆಳಗೆ ಅಕ್ಷರ ಓಡಿಸಿದ. ಅಂಗಡಿಯ ಪುಟದ ನೆತ್ತಿಗೆ ಹಾಕಿದ. ಮೂಳೆ ವೈದ್ಯರಿಗೆಲ್ಲ ಫೋನಿಗೆ ಕಳಿಸಿದ. ರಸೀದಿಯ ಹಿಂದೆ, ಬೂಟಿನ ಡಬ್ಬದ ಮುಚ್ಚಳದ ಮೇಲೆ "ಅಕ್ಕನ ಕಣ್ಣೀರು ಒರೆಸಿದ ಅಟ್ಟೆ" ಎಂದು ಅಚ್ಚು ಹಾಕಿಸಿದ. ಬೆಂಚಿನ ಎದುರಿನ ಗೋಡೆಗೆ ಟಿವಿ ತಂದು ಅದನ್ನೇ ಮತ್ತೆ ಮತ್ತೆ ಓಡಿಸಿದ. ಪ್ರತಿ ಸಲವೂ ಅವಳು ಬೇಡ ಅನ್ನಲು ಬಾಯಿ ತೆರೆದಳು. ಪ್ರತಿ ಸಲವೂ ಹೊರಗೆ ಬೆಂಚು ತುಂಬಿತ್ತು.

ಅಕ್ಕ ವರ್ಷಕ್ಕೆರಡು ಸಲ ಸವೆದ ಬೂಟಿಗೆ ಹೊಸ ಹಿಮ್ಮಡಿ ಕಟ್ಟಿಸಲು ಬರುತ್ತಿದ್ದಳು. ಆ ಸಲ ಬಂದಾಗ ಅಟ್ಟೆಯಮ್ಮ ಒಳಗೆ ಅಂಟು ಬಳಿಯುತ್ತಿದ್ದಳು. ಕೈ ಒರೆಸಿಕೊಂಡು ಹೊರಬಂದರೆ, ಅಕ್ಕ ಬೆಂಚಿನ ತುದಿಯಲ್ಲಿ ಒಂದು ಕಾಲಿನ ಬೂಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಟಿವಿ ನೋಡುತ್ತಿದ್ದಳು. ಪಕ್ಕದಲ್ಲಿ ಕೂತ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು, ಇಂಥ ತಂಗಿ ಸಿಗಲು ಪುಣ್ಯ ಮಾಡಿರಬೇಕು ಎಂದು ಅಕ್ಕನಿಗೇ ಹೇಳಿದಳು. ಅಕ್ಕ ಹೌದೆಂಬಂತೆ ತಲೆಯಾಡಿಸಿದಳು. ವಿಡಿಯೊ ಮುಗಿಯುವವರೆಗೆ ನೋಡಿ, ಚೀಲದಲ್ಲಿ ತಂದಿದ್ದ ಹಳೆಯ ಬೂಟು ಕಾಲಿಗೇರಿಸಿ, ಎದ್ದು, ಬಿಚ್ಚಿದ ಬೂಟನ್ನು ತಂಗಿಯ ಕೈಗೆ ಕೊಟ್ಟಳು.

"ಹೊರಗಡೆ ಅಂಚು ಸವೆದಿದೆ. ನಿಧಾನಕ್ಕೆ ಮಾಡು, ಅವಸರ ಇಲ್ಲ," ಎಂದಳು.

ಅಷ್ಟೇ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅಟ್ಟೆಯಮ್ಮನಿಗೆ. ಬೂಟು ಮರುದಿನವೇ ತಯಾರಾಯಿತು. ಒಯ್ಯಲು ಅಕ್ಕ ಬರಲಿಲ್ಲ. ವಾರ ಕಳೆಯಿತು, ಹತ್ತು ದಿನವಾಯಿತು. ಕೊನೆಗೆ ಅವಳೇ ಬೂಟನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಅಚ್ಚು ಹಾಕಿಸಿದ ಡಬ್ಬದಲ್ಲಿ ಇಡಲು ಕೈ ಬರಲಿಲ್ಲ.

ಅಕ್ಕನ ಕೆಲಸ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ. ನೆಲದಿಂದ ಸೂರಿನವರೆಗೆ ರೋಗಿಗಳ ಕಡತಗಳು, ಅವಕ್ಕೆ ಒರಗಿಸಿದ ಏಣಿ. ಇಪ್ಪತ್ತಾರು ವರ್ಷದಿಂದ ಆ ಏಣಿ ಅಕ್ಕನದೇ. ಯಾವ ಕಡತ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದಳು. ಅಟ್ಟೆಯಮ್ಮ ಒಳಗೆ ಕಾಲಿಟ್ಟಾಗ ಏಣಿಯ ಮೇಲೆ ಒಬ್ಬ ಗುಮಾಸ್ತ ತಡಕಾಡುತ್ತಿದ್ದ. ಅಕ್ಕ ಕೆಳಗೆ ಕುರ್ಚಿಯಲ್ಲಿ ಕೂತಿದ್ದಳು. ಕುರ್ಚಿಗೆ ಯಾರೋ ಹೊಸ ದಿಂಬು ಹಾಕಿದ್ದರು. ಅವನು ತಪ್ಪು ಕಡತ ತೆಗೆದಾಗ ಅಕ್ಕ ಎದ್ದು ಏಣಿಯ ಕಡೆ ಹೆಜ್ಜೆ ಇಟ್ಟಳು. ಅವನು ಮೇಲಿನಿಂದಲೇ ಕೈ ಅಡ್ಡ ಹಿಡಿದು, ನೀವು ಚಿಕ್ಕಂದಿನಿಂದ ಪಟ್ಟ ಕಷ್ಟ ಸಾಕು, ನಾವೆಲ್ಲ ವಿಡಿಯೊ ನೋಡಿದ್ದೇವೆ ಎಂದ. ಮನಸಾರೆ ಹೇಳಿದ ಮಾತು ಅದು.

ಗುಮಾಸ್ತ ಚಹಾಕ್ಕೆ ಹೋದ ಮೇಲೆ ಅಟ್ಟೆಯಮ್ಮ ತಲೆ ತಗ್ಗಿಸಿ ನಿಂತೇ ಹೇಳಿದಳು. ಅಟ್ಟೆ ಮಾಡಿದ್ದು ನೀನು, ಹೆಸರು ಕಿತ್ತುಕೊಂಡವಳು ನಾನು, ತಪ್ಪಾಯಿತು ಎಂದಳು. ಅಕ್ಕ ಸರಿಮಾಡಿದ ಬೂಟು ಹಾಕಿ, ಲಾಡಿ ಕಟ್ಟಿ, ಎರಡು ಹೆಜ್ಜೆ ನಡೆದು ನೋಡಿದಳು.

"ಅಟ್ಟೆ ನೀನೇ ಮಾಡ್ದೆ ಅಂತ ಇಟ್ಕೋ. ಅದರಿಂದ ನನಗೇನೂ ಹೋಗಲ್ಲ," ಎಂದಳು ಕೊನೆಗೆ. "ನಾನು ಅತ್ತೆ ಅಂತ ಯಾಕೆ ಹೇಳ್ದೆ? ನಾನು ಒಂದು ದಿನಾನೂ ಅತ್ತಿಲ್ಲ ಕಣೇ. ಆ ಹುಡುಗೀರ ಮುಂದೆ ಅಳಬಾರದು ಅಂತ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯ್ತಿತ್ತು. ನನ್ನ ಹತ್ರ ಇದ್ದಿದ್ದು ಅದೊಂದೇ. ಅದನ್ನೂ ತಗೊಂಡು ಊರಿಗೆಲ್ಲ ಹಂಚಿಬಿಟ್ಟೆ."

ಅಕ್ಕ ಸಿಟ್ಟಿನಿಂದ ಹೇಳಿದ್ದರೆ ಕೇಳಿಸಿಕೊಳ್ಳುವುದು ಅಟ್ಟೆಯಮ್ಮನಿಗೆ ಸುಲಭವಾಗುತ್ತಿತ್ತು.

ಅಂಗಡಿಗೆ ಬಂದವಳು ಮೊದಲು ಟಿವಿ ಆರಿಸಿದಳು. ಮೈದುನನನ್ನು ಕರೆದು ಎಲ್ಲವನ್ನೂ ಬಿಡಿಸಿ ಹೇಳಿ, ಹಾಕಿದ್ದನ್ನೆಲ್ಲ ತೆಗೆಸು ಎಂದಳು. ಅವನು ಹಣೆ ಉಜ್ಜಿಕೊಂಡ. ತಮ್ಮ ಪುಟದಲ್ಲಿದ್ದದ್ದನ್ನು ಅಳಿಸಬಹುದು, ಡಬ್ಬಗಳನ್ನು ಬಿಸಾಡಬಹುದು, ಆದರೆ ಜನ ಒಬ್ಬರಿಗೊಬ್ಬರು ಕಳಿಸಿಕೊಂಡದ್ದು ಕೈಮೀರಿದೆ ಎಂದ. ಆಮೇಲೆ ಕಣ್ಣು ಅರಳಿಸಿದ.

"ಅತ್ತಿಗೆ, ಇನ್ನೊಂದು ಸಲ ಅದೇ ಪಾಡ್‌ಕಾಸ್ಟಿಗೆ ಹೋಗಿ. ಸುಳ್ಳು ಹೇಳಿದ್ದೆ, ಕ್ಷಮಿಸಿ ಅಂತ ಬಾಯಿಬಿಟ್ಟು ಹೇಳಿ. ಇದು ಮೊದಲನೇದಕ್ಕಿಂತ ನಾಲ್ಕು ಪಟ್ಟು ಓಡುತ್ತೆ."

ಅವಳಿಗೆ ಮೈಯೆಲ್ಲ ಉರಿದದ್ದು ಅವನ ಮಾತಿಗಲ್ಲ. ಅವನು ಹೇಳುತ್ತಿದ್ದಂತೆ ತನ್ನ ಕಿವಿಯಲ್ಲಿ ಆಗಲೇ ಆ ಮೆತ್ತನೆಯ ಧ್ವನಿ ಶುರುವಾಗಿತ್ತು; ಎಲ್ಲಿ ತಡೆಯಬೇಕು, ಎಲ್ಲಿ ಗಂಟಲು ಕಟ್ಟಬೇಕು ಎಂದು ಅದು ಲೆಕ್ಕ ಹಾಕುತ್ತಿತ್ತು. ಇಂಥವಳು ತಾನು ಎಂದು ಅವಳಿಗೆ ಆ ಹೊತ್ತು ಗೊತ್ತಾಯಿತು.

ಹೋಗುವುದಿಲ್ಲ ಎಂದಳು. ನಿರೂಪಕಿಗೆ ಫೋನ್ ಮಾಡಿ, ಆ ಭಾಗ ಕತ್ತರಿಸಿ, ಅಕ್ಕನ ಬಗ್ಗೆ ಹೇಳಿದ್ದು ಸುಳ್ಳು ಎಂದು ಎರಡು ಸಾಲು ಬರೆಯಿರಿ ಎಂದು ಕೇಳಿಕೊಂಡಳು. ನಿರೂಪಕಿ ಆಗಲಿ ಎಂದು ಫೋನ್ ಇಟ್ಟಳು. ಮರುದಿನ ಚಹಾದ ಹೊತ್ತಿಗೆ ಅಟ್ಟೆಯಮ್ಮ ಮತ್ತೆ ದಾಖಲೆ ಕೋಣೆಗೆ ಹೋಗಿ, ಅಲ್ಲಿದ್ದ ಐವರ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಶಾಲೆಯ ದಾರಿಯಲ್ಲಿ ತಾನು ಮುಂದೆ ಮುಂದೆ ಹೋಗುತ್ತಿದ್ದುದನ್ನೂ ಮುಚ್ಚಿಡಲಿಲ್ಲ. ಧ್ವನಿ ಒಡೆದು ಕೀರಲಾಗಿ ಬಂತು. ಗುಮಾಸ್ತ ಲೋಟದೊಳಗೆ ನೋಡುತ್ತಿದ್ದ. ಅಕ್ಕ ನಡುವೆ ತಡೆದು, "ಸಾಕು ಬಿಡು, ಚಹಾ ಆರಿಹೋಗುತ್ತೆ," ಎಂದಳು. ಕ್ಷಮಿಸಿದೆ ಅನ್ನಲಿಲ್ಲ. ಆದರೆ ಆರು ತಿಂಗಳಿಗೆ ಹಿಮ್ಮಡಿ ಕಟ್ಟಿಸಲು ಬಂದಳು.

ಆ ವಿಡಿಯೊ ಈಗಲೂ ಎಲ್ಲೆಲ್ಲೋ ಸುತ್ತುತ್ತಿದೆ. ತಿಂಗಳಿಗೆ ಒಬ್ಬರಾದರೂ ಅದನ್ನು ನೋಡಿಕೊಂಡೇ ಬರುತ್ತಾರೆ. ಮೊನ್ನೆ ಒಬ್ಬ ಮುದುಕ ಬಂದು, ಅಕ್ಕನ ಕಣ್ಣೀರು ಒರೆಸಿದ ತಾಯಿ ನೀವೇನಾ ಎಂದು ಕೈಮುಗಿದ. ಅವಳ ಕಿವಿ ಕೆಂಪಾಯಿತು. ಅದು ಸುಳ್ಳು, ಅಟ್ಟೆ ಮಾಡಿದ್ದು ನಮ್ಮಕ್ಕ, ಅವಳು ಅತ್ತೂ ಇರಲಿಲ್ಲ ಎಂದು ಎಂದಿನಂತೆ ಹೇಳಿದಳು. ಮುದುಕ ಮುಗಿದ ಕೈ ಇಳಿಸಿದ.

"ಹಾಗಿದ್ರೆ ನಿಮ್ಮಕ್ಕ ಎಲ್ಲಿ ಸಿಗ್ತಾರಮ್ಮ? ಅವರ ಹತ್ರಾನೇ ಮಾಡಿಸ್ಕೊಳ್ತಿದ್ದೆ."

"ಅವಳು ಈಗ ಮಾಡಲ್ಲ ಅಜ್ಜಾ. ಕಾಲು ಕೊಡಿ," ಎಂದು ಅವಳು ನೆಲದ ಮೇಲೆ ಕೂತು, ತಲೆ ಎತ್ತದೆ, ಅವನ ಪಾದದ ಅಳತೆ ತೆಗೆಯತೊಡಗಿದಳು.