ಹೆಸರಿದ್ದ ನಾಲ್ಕು ಹಾಳೆ

ಆದಿನಾರಾಯಣಪ್ಪನ ಒಂದು ಪದ್ಯಕ್ಕೆ ಹನ್ನೊಂದು ಕೈಬರಹದ ಪ್ರತಿಗಳಿದ್ದವು. ಹನ್ನೊಂದನ್ನೂ ನೋಡಿದವರು ಅವನನ್ನು ಬಿಟ್ಟರೆ ಇಬ್ಬರೇ. ಒಬ್ಬ ನಾನು, ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟ ಸಂಜೀವಪ್ಪ ಮೇಷ್ಟ್ರು. ಇನ್ನೊಬ್ಬಳು ಅವನ ಹೆಂಡತಿ ಪಾಪಕ್ಕ, ಓದು ಬರಹ ಬಾರದವಳು. ಈಗ ಅದರಲ್ಲಿ ಏಳು ಪ್ರತಿಗಳು ನನ್ನ ಟ್ರಂಕಿನಲ್ಲಿವೆ. ಯಾಕೆ ಏಳೇ ಎಂಬುದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ನಾನು ಮಧುರೆ ಕಡೆಯ ರೈತರ ಮನೆಯವನು. ದೊಡ್ಡಬಳ್ಳಾಪುರಕ್ಕೆ ವರ್ಗವಾಗಿ ಬಂದಾಗ ಸಿಕ್ಕಿದ ಬಾಡಿಗೆ ಮನೆಗೂ ಆದಿನಾರಾಯಣಪ್ಪನ ಮಗ್ಗದ ಮನೆಗೂ ಒಂದೇ ಗೋಡೆ. ಅವನಿಗೆ ನಾಲ್ಕು ಪವರ್‌ಲೂಮು. ಬೆಳಿಗ್ಗೆ ಅವು ಶುರುವಾದರೆ ನನ್ನ ಗೋಡೆಯ ಕ್ಯಾಲೆಂಡರು ಕುಣಿಯುತ್ತಿತ್ತು, ಹೆಂಡತಿ ಕರೆದರೆ ನನಗೆ ಕೇಳಿಸುತ್ತಿರಲಿಲ್ಲ. ಮೊದಲ ವಾರವೇ ಜಗಳಕ್ಕೆ ಹೋದೆ. ಅವನು ನನ್ನ ಬೈಗುಳವನ್ನೆಲ್ಲ ನಿಂತು ಕೇಳಿಸಿಕೊಂಡು ಒಳಗೆ ಹೋಗಿ ಒಂದು ಹಾಳೆ ತಂದ. ನೂಲಿನ ಪೊಟ್ಟಣಕ್ಕೆ ಸುತ್ತಿ ಬರುವ ಕಂದು ಕಾಗದ, ಅದರ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದ ಪದ್ಯ.

"ಮಿಕ್ಕಿದ್ದು ಆಮೇಲೆ ಬೈಯೋರಂತೆ ಮೇಷ್ಟ್ರೇ. ಇದು ಸರಿಯಾಗೈತಾ ನೋಡಿ" ಅಂದ.

ಸರಿಯಾಗಿರಲಿಲ್ಲ. ನಾನು ಕೆಂಪು ಪೆನ್ನು ತೆಗೆದೆ. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಅವನು ಬರೆಯುವ ಕ್ರಮವೇ ಬೇರೆ. ಒಂದು ಪದ ಬದಲಾಗಬೇಕಾದರೂ ಹಳೆಯ ಹಾಳೆಯಲ್ಲಿ ಹೊಡೆದು ಹಾಕುತ್ತಿರಲಿಲ್ಲ. ಹೊಸ ಹಾಳೆ ತೆಗೆದು ಇಡೀ ಪದ್ಯವನ್ನು ಮೊದಲಿನಿಂದ ಬರೆಯುತ್ತಿದ್ದ. "ನೇಯ್ದಿದ್ದನ್ನ ಬಿಚ್ಚಿ ತಿದ್ದಕ್ಕಾಗ್ತದಾ? ಇನ್ನೊಂದು ನೇಯ್ಬೇಕು" ಅನ್ನುತ್ತಿದ್ದ. ಹಳೆಯ ಹಾಳೆಗಳನ್ನು ಪಾಪಕ್ಕ ಎತ್ತಿ ರೇಷ್ಮೆ ಇಡುವ ಪೆಟ್ಟಿಗೆಗೆ ಹಾಕುತ್ತಿದ್ದಳು. ಓದಲು ಬಾರದ ಹೆಂಗಸಿಗೆ ಈ ಚೂರು ಕಾಗದದ ಮೇಲೆ ಏನು ಮೋಹ ಎಂದು ನಾನು ಒಂದೆರಡು ಸಲ ತಮಾಷೆ ಮಾಡಿದ್ದೂ ಉಂಟು.

ಅವರಿಗೆ ಒಬ್ಬಳೇ ಮಗಳು, ಶ್ವೇತ. ಎರಡನೆಯ ಕ್ಲಾಸಿನಲ್ಲಿದ್ದಳು. ಶಾಲೆಯಿಂದ ಬಂದವಳೇ ಸ್ಲೇಟು ಹಿಡಿದು ಅಮ್ಮನಿಗೆ ಪಾಠ ಮಾಡುತ್ತಿದ್ದಳು. ಪಾಪಕ್ಕ ಮಗ್ಗದ ನೂಲಿನ ಹುರಿ ಸೇರಿಸುವ ಕೆಲಸ ಬಿಟ್ಟು ಕೂರುವವಳಲ್ಲ, ಹಾಗಾಗಿ ಪಾಠ ಮುಂದಕ್ಕೆ ಹೋಗಲೇ ಇಲ್ಲ. ಮಗಳ ಹೆಸರೊಂದನ್ನು ಮಾತ್ರ ಅವಳು ಕಲಿತಳು. ಮೊದಲ ಅಕ್ಷರದ ಕೆಳಗೆ ಒಂದು ಸಣ್ಣದು ಕೂತಿರುತ್ತದೆ, ಪಕ್ಕದಲ್ಲಿ ಇನ್ನೊಂದು ನಿಂತಿರುತ್ತದೆ ಎಂದು ಗುರುತು. "ಅವ್ವಾ, ಇದು ನಾನು" ಎಂದು ಸ್ಲೇಟು ತೋರಿಸುತ್ತಿದ್ದ ಆ ಮಗುವಿನ ಧ್ವನಿ ನನ್ನ ಕಿವಿಯಲ್ಲಿ ಇನ್ನೂ ಇದೆ.

ಎಂಬತ್ತೇಳರಲ್ಲಿ ಮಗುವಿಗೆ ಜ್ವರ ಬಂತು. ಮೂರನೆಯ ದಿನ ಮಧ್ಯಾಹ್ನ ಪಾಪಕ್ಕ ಔಷಧಿ ತರಲು ಆಸ್ಪತ್ರೆಗೆ ಹೋಗಿದ್ದಳು. ಮಗು ಒಳಕೋಣೆಯಲ್ಲಿ ಮಲಗಿತ್ತು, ಅವನು ಮಗ್ಗದ ಮುಂದಿದ್ದ. ಮೂರು ಗಂಟೆಯ ಹೊತ್ತಿಗೆ ಕರೆಂಟು ಹೋಗಿ ನಾಲ್ಕೂ ಮಗ್ಗ ಒಟ್ಟಿಗೆ ನಿಂತವು. ಮನೆ ತೀರಾ ಸುಮ್ಮನಿದೆ ಅನ್ನಿಸಿ ಅವನು ಒಳಗೆ ಹೋಗಿ ನೋಡಿದ. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಮಗು ಕೂಗಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕೂಗಿರುತ್ತಾಳೆ, ಮಗ್ಗದ ಸದ್ದಿನಲ್ಲಿ ತನಗೆ ಕೇಳಿಸಲಿಲ್ಲ ಎಂಬುದು ಅವನ ಎದೆಯಲ್ಲಿ ಕೂತುಬಿಟ್ಟಿತು. ವರ್ಷದವರೆಗೆ ಅವನು ಪೆನ್ಸಿಲು ಮುಟ್ಟಲಿಲ್ಲ. ಆಮೇಲೆ ಒಂದು ದಿನ ಒಂದು ಹಾಳೆ ತಂದು ನನ್ನ ಕೈಗಿಟ್ಟು, ನಾನು ಓದುವುದನ್ನು ನೋಡಲಾರದೆ ಬೀದಿ ಕಡೆ ತಿರುಗಿ ನಿಂತ.

ಶ್ವೇತಾ,
ಕರೆಂಟು ಹೋಗಿದೆ.
ನಾಕೂ ಮಗ್ಗ ನಿಂತಿವೆ.
ಈಗ ಕೂಗು ಮಗಳೇ,
ಈಗ ಕೇಳಿಸುತ್ತದೆ.

ಇಷ್ಟೇ. ಓದಿ ನನಗೆ ಅಳು ಬಂತು. ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ನಾನು ಮಾಡಿದ್ದೇನು? "ಚೆನ್ನಾಗಿದೆ ಕಣಪ್ಪಾ, ಆದರೆ ಇನ್ನೂ ಹಸಿ ಇದೆ" ಅಂದೆ.

ಎರಡನೆಯ ಪ್ರತಿಯಲ್ಲಿ 'ನಾಕೂ' ಹೋಗಿ 'ನಾಲ್ಕೂ' ಆಯಿತು. ಮೂರನೆಯದರಲ್ಲಿ ಅವನಾಗಿಯೇ ನೀರಿನ ಲೋಟದ ಬಗ್ಗೆ ಎರಡು ಸಾಲು ಸೇರಿಸಿದ, ನಾಲ್ಕನೆಯದರಲ್ಲಿ ಅವನೇ ಬಿಟ್ಟ. ಈ ನಾಲ್ಕಕ್ಕೆ ಒಂದೂವರೆ ವರ್ಷ ಹಿಡಿಯಿತು. ಐದನೆಯದಕ್ಕೆ ಒಂದು ಮಾತು ಸಾಕಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಹೆಸರು ತೆಗಿ ಆದೀ" ಅಂದೆ. "ಹೆಸರಿದ್ರೆ ಅದು ನಿನ್ನ ಮನೆ ಪದ್ಯ. ತೆಗೆದ್ರೆ ಲೋಕದ್ದಾಗುತ್ತೆ."

ಅವನು ಹಾಳೆಯನ್ನು ವಾಪಸು ತೆಗೆದುಕೊಂಡ. "ಬರೆಯೋವಾಗ ಆ ಹೆಸರತ್ರ ನನಗೂ ಪೆನ್ಸಿಲು ಮುಂದಕ್ಕೆ ಹೋಗಲ್ಲ ಮೇಷ್ಟ್ರೇ. ನೀವು ಹೇಳಿದ ಮೇಲೆ ಸರಿಯೇ ಇರ್ತದೆ ಬಿಡಿ" ಅಂದ. ಮೇಷ್ಟ್ರು ಹೇಳಿದರೆ ಸರಿಯಾಗಿರುತ್ತದೆ ಎಂದು ನಂಬುವವರು ಈ ಲೋಕದಲ್ಲಿ ಇರಲೇಬಾರದು. ಅದರಿಂದ ಮೇಷ್ಟ್ರುಗಳ ತಲೆ ಕೆಡುತ್ತದೆ.

ಹೆಸರು ಹೋದ ಮೇಲೆ ನನ್ನ ಕೈ ನಿಲ್ಲಲಿಲ್ಲ. ಆರನೆಯ ಪ್ರತಿಯಲ್ಲಿ 'ಕರೆಂಟು' ಹೋಗಿ 'ಬೆಳಕು' ಬಂತು. ಎಂಟರಲ್ಲಿ 'ಮಗ್ಗ' ಹೋಗಿ 'ಲೋಕ' ಬಂತು. ಒಂಬತ್ತರಲ್ಲಿ 'ಮಗಳೇ' ಇದ್ದ ಕಡೆ 'ಮನವೇ' ಕೂತಿತು. ಪ್ರತಿಸಲವೂ ಅವನು ಇಡೀ ಪದ್ಯವನ್ನು ಹೊಸದಾಗಿ ಬರೆದು ತಂದ, ನಾನು ಹೊಸದಾಗಿ ಕೆಂಪು ಬಳಿದೆ. ಹನ್ನೊಂದನೆಯ ಪ್ರತಿಯಲ್ಲಿ 'ಬೆಳಕಳಿದಿದೆ, ಲೋಕದ ಸದ್ದಡಗಿದೆ, ಕೂಗು ಮನವೇ, ಮೌನಕ್ಕೆ ಕಿವಿಯಿದೆ' ಎಂದು ನಿಂತಿತು. ಬೆಂಗಳೂರಿನ ಒಂದು ವಾರಪತ್ರಿಕೆಗೆ ಕಳಿಸಿದೆವು. ಅಚ್ಚಾಯಿತು, ಅನುಭಾವದ ಕವಿತೆ ಎಂದು ಮೆಚ್ಚಿ ಇಬ್ಬರು ಕಾಗದ ಬರೆದರು. ನಾನು ಆ ಕಾಗದಗಳನ್ನು ಸ್ಟಾಫ್ ರೂಮಿಗೆ ಒಯ್ದು ಎಲ್ಲರಿಗೂ ಓದಿ ಹೇಳಿದೆ.

ಪಾಪಕ್ಕನಿಗೆ ಪತ್ರಿಕೆಯ ಸಂಗತಿ ಯಾರೂ ಬಿಡಿಸಿ ಹೇಳಿರಲಿಲ್ಲ. ಅವಳ ಕಣ್ಣು ಕೈಬರಹದ ಹಾಳೆಗಳ ಮೇಲೆಯೇ ಇತ್ತು. ಮುಂದೆ ಪದ್ಯಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುವ ಮಾತು ಬಂದಾಗ ಒಂದು ಸಂಜೆ ಅವಳು ನಮ್ಮ ಬಾಗಿಲಿಗೆ ಬಂದಳು. ಸೆರಗಿನ ಮರೆಯಲ್ಲಿ ಒಂದಷ್ಟು ಕಂದು ಹಾಳೆ.

"ಮೇಷ್ಟ್ರೇ, ಮೊದಲಿನ ಕಾಗದದಾಗೆ ಮಗಳಿದ್ಲು. ಈಚಿನ ಕಾಗದದಾಗೆ ಕಾಣ್ತಿಲ್ಲ. ಎಲ್ಲವ್ಳೆ?"

ಪ್ರತಿ ಹಾಳೆಯಲ್ಲೂ ಅವಳು ಬೆರಳಿಟ್ಟು ಆ ಹೆಸರನ್ನು ಹುಡುಕುತ್ತಿದ್ದಳು ಎಂದು ನನಗೆ ಅವತ್ತೇ ಗೊತ್ತಾದದ್ದು. ನಿಜ ಹೇಳಬಹುದಿತ್ತು. ನಾನೇ ತೆಗೆಸಿದೆ, ಬೇಕಿದ್ದರೆ ಮತ್ತೆ ಸೇರಿಸೋಣ ಎನ್ನಬಹುದಿತ್ತು. ಪುಸ್ತಕ ಇನ್ನೂ ಪ್ರೆಸ್ಸಿಗೆ ಹೋಗಿರಲಿಲ್ಲ. ಆದರೆ ಓದು ಬಾರದ ಹೆಂಗಸಿಗೆ ಕಾವ್ಯದ ಮರ್ಮ ತಿಳಿಸುವುದು ಹೇಗೆ ಎಂಬ ದೊಡ್ಡಸ್ತಿಕೆ ನನಗೆ. ಅವಳಿಗೆ ಅರ್ಥವಾಗುವ ಉದಾಹರಣೆ ಕೊಟ್ಟೆ.

"ಬುಟ್ಟಾ ಸೀರೆ ಮಗ್ಗದ ಮೇಲೆ ಹೇಗಿರುತ್ತೆ ಪಾಪಕ್ಕ? ಹಿಂಬದಿ ಮೇಲಿರುತ್ತೆ, ಹೂವು ಕೆಳಮುಖವಾಗಿರುತ್ತೆ. ನೇಯೋರಿಗೆ ಕಾಣೋದು ಬರೀ ನೂಲಿನ ಗೋಜಲು. ಇಳಿಸಿ ತಿರುಗಿಸಿದಾಗ ತಾನೇ ಹೂವು? ಪದ್ಯಾನೂ ಹಾಗೇ ಕಣಮ್ಮಾ. ಅಚ್ಚಾಗಿ ಬರಲಿ, ನೋಡುವೆಯಂತೆ. ಪದ್ಯದ ತುಂಬ ಅವಳೇ ಇದಾಳೆ."

ಪಾಪಕ್ಕನ ಮುಖ ಅರಳಿತು. ಮಗು ಹೋದ ಮೇಲೆ ಆ ಮುಖ ಅರಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಹಂಗಾ! ಹಂಗಾದ್ರೆ ಇಳಿಸೋವರೆಗೂ ಕಾಯ್ಬೇಕು" ಎಂದು ಹೊರಟುಹೋದಳು. ನಾನು ನನ್ನ ಉದಾಹರಣೆಗೆ ನಾನೇ ತಲೆದೂಗಿದೆ. ಅವಳು ಜೀವಮಾನವಿಡೀ ಬುಟ್ಟಾ ಸೀರೆಗಳ ಮಧ್ಯೆ ಬದುಕಿದವಳು, ತಿರುಗಿಸಿದರೆ ಹೂವು ಇದ್ದೇ ಇರುತ್ತದೆ ಎಂಬುದು ಅವಳಿಗೆ ಉದಾಹರಣೆಯಲ್ಲ, ದಿನಾ ಕಣ್ಣಾರೆ ಕಂಡದ್ದು, ಎಂಬುದು ನನಗೆ ಹೊಳೆಯಲೇ ಇಲ್ಲ.

ತೊಂಬತ್ತಮೂರರಲ್ಲಿ ಪುಸ್ತಕ ಬಂತು. ನಮ್ಮ ಶಾಲೆಯ ದೊಡ್ಡ ಕೋಣೆಯಲ್ಲೇ ಬಿಡುಗಡೆ. ಪಾಪಕ್ಕ ಮದುವೆಯ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಕೈಗೆ ಒಂದು ಪುಸ್ತಕ ಕೊಟ್ಟು, ಆ ಪದ್ಯದ ಪುಟ ತೆಗೆದು ತೋರಿಸಿ ನಾನು ವೇದಿಕೆ ಹತ್ತಿದೆ. ಹಸಿ ಅನುಭವ ಹೇಗೆ ಹದವಾಗಿ ಕವಿತೆಯಾಗುತ್ತದೆ ಎಂದು ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಮಾತಾಡುತ್ತಲೇ ಅವಳನ್ನು ನೋಡಿದೆ. ಸಾಲಿನ ಮೇಲೆ ಬೆರಳಾಡಿಸುತ್ತಿದ್ದಳು. ಕೊನೆಯವರೆಗೆ ಹೋಗಿ ಮತ್ತೆ ಮೇಲಿನಿಂದ ಶುರು ಮಾಡಿದಳು. ಆಮೇಲೆ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದಳು. ಆಮೇಲೆ ಅದೊಂದೇ ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು, ಸೀರೆಯ ಹೂವನ್ನು ಹಿಡಿದು ನೋಡುವ ಹಾಗೆ. ಅಲ್ಲೂ ಸಿಗದೆ ಪುಸ್ತಕ ಮುಚ್ಚಿ, ತಲೆಯೆತ್ತಿ ನನ್ನನ್ನು ನೋಡಿದಳು. ಗಂಡನನ್ನಲ್ಲ, ನನ್ನನ್ನು. ನನ್ನ ಭಾಷಣ ಅಲ್ಲಿಗೇ ತಪ್ಪಿಹೋಯಿತು. ನೀರು ಕುಡಿದು ಏನೋ ಹೇಳಿ ಮುಗಿಸಿದೆ. ಸಭೆ ಚಪ್ಪಾಳೆ ತಟ್ಟಿತು.

ಆದಿನಾರಾಯಣಪ್ಪ ಆಮೇಲೆ ಬರೆಯಲೇ ಇಲ್ಲ. ಯಾಕಪ್ಪಾ ಎಂದು ಕೇಳಿದ್ದಕ್ಕೆ, "ಬರೀಬೇಕಾಗಿದ್ದು ಒಂದೇ ಇತ್ತು ಮೇಷ್ಟ್ರೇ. ಅದೂ ಬರೆದ್ನೋ ಇಲ್ವೋ ಗೊತ್ತಾಗ್ತಿಲ್ಲ" ಅಂದ. ನಾನು ಆ ಮಾತನ್ನು ಕವಿಗಳ ವಿನಯ ಎಂದುಕೊಂಡೆ. ತೊಂಬತ್ತಾರರ ಬೇಸಿಗೆಯಲ್ಲಿ ಮಗ್ಗದ ಮುಂದೆಯೇ ಎದೆನೋವು ಬಂದು ಹೋಗಿಬಿಟ್ಟ. ಮಗ್ಗಗಳನ್ನು ಅವನ ತಮ್ಮ ನೋಡಿಕೊಳ್ಳತೊಡಗಿದ.

ಮರುವರ್ಷ ಊರಿನ ಗೆಳೆಯರು ಅವನ ಹೆಸರಿನಲ್ಲಿ ಒಂದು ನೆನಪಿನ ಸಂಚಿಕೆ ತರಲು ಹೊರಟರು. ಆ ಒಂದು ಪದ್ಯ ಮೊದಲ ಪ್ರತಿಯಿಂದ ಅಚ್ಚಿನವರೆಗೆ ಬೆಳೆದ ಬಗೆಯನ್ನು ನಾನು ಬರೆಯಬೇಕೆಂದು ಕೇಳಿದರು. ಹನ್ನೊಂದು ಹಾಳೆಗಳ ಫೋಟೋ ಹಾಕಿ ಪಕ್ಕದಲ್ಲಿ ವಿವರಣೆ. ನನಗೂ ಒಳಗೊಳಗೇ ಆಸೆ. ಪಾಪಕ್ಕನ ಮನೆಗೆ ಹೋಗಿ ವಿಷಯ ಹೇಳಿದೆ.

ಅವಳು ಕಾಫಿ ಕೊಟ್ಟಳು. ರೇಷ್ಮೆ ಪೆಟ್ಟಿಗೆ ತೆಗೆದು ಕಟ್ಟನ್ನು ಬಿಚ್ಚಿ, ನೆಲದ ಮೇಲೆ ಕೂತು ಹಾಳೆಗಳನ್ನು ಒಂದೊಂದಾಗಿ ಎತ್ತಿದಳು. ಒಂದೊಂದರ ತಲೆಯ ಮೇಲೂ ಬೆರಳಿಟ್ಟು ನೋಡಿ, ಕೆಲವನ್ನು ಎಡಗಡೆ, ಕೆಲವನ್ನು ಬಲಗಡೆ ಇಟ್ಟಳು. ಎಡಗಡೆ ಇಡುವಾಗ ಅವಳ ತುಟಿ ಅಲುಗುತ್ತಿತ್ತು. ತನಗೆ ಬರುವ ಒಂದೇ ಪದವನ್ನು ಓದುತ್ತಿದ್ದಳು. ಎಡಗಡೆ ನಾಲ್ಕಾದವು, ಬಲಗಡೆ ಏಳು. ಏಳರ ಕಟ್ಟನ್ನು ಅಂಚು ಕೂಡಿಸಿ ಸರಿ ಮಾಡಿ, ಮೇಲೆ ತನ್ನ ಪಾಲಿಗೆ ಬಂದಿದ್ದ ಅಚ್ಚಿನ ಪುಸ್ತಕವನ್ನೂ ಇಟ್ಟು ನನ್ನ ಕಡೆ ತಳ್ಳಿದಳು.

"ಇವು ನಾಕು ನಮ್ಮನೇವು ಮೇಷ್ಟ್ರೇ. ಇವು ಏಳೂ ನಿಮ್ಮವು. ತಗೊಂಡೋಗಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ವಾದ ಮಾಡುತ್ತಿದ್ದೆ, ನನಗೆ ಅದು ಚೆನ್ನಾಗಿ ಬರುತ್ತದೆ. "ಮೊದಲನೇದು ಇಲ್ಲದಿದ್ರೆ ಈ ಪದ್ಯ ಎಲ್ಲಿಂದ ಹುಟ್ಟಿತು ಅಂತ ಜನಕ್ಕೆ ತೋರಿಸೋದು ಹೇಗಮ್ಮಾ?" ಅಂದೆ.

"ಎಲ್ಲಿಂದ ಹುಟ್ತು ಅಂತ ನನಗೆ ಗೊತ್ತು ಬಿಡಿ" ಅಂದಳು. ನಾಲ್ಕು ಹಾಳೆಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದಳು.

ನಾನು ಸಂಚಿಕೆಗೆ ಬರೆಯಲಿಲ್ಲ. ಹಾಳೆಗಳು ಸಿಗಲಿಲ್ಲ ಎಂದು ಸುಳ್ಳು ಹೇಳಿದೆ. ಅವಳ ಲೆಕ್ಕ ಸರಿಯಾಗಿತ್ತು. ಆ ಏಳು ಹಾಳೆಗಳಲ್ಲಿ ಅಕ್ಷರ ಮಾತ್ರ ಆದಿನಾರಾಯಣಪ್ಪನದು. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುತ್ತಾರಲ್ಲ, ನಾನು ಆ ಪದ್ಯವನ್ನು ಅಂಥದ್ದು ಮಾಡಿಟ್ಟೆ. ಲೋಕಕ್ಕೆ ಕೊಡುತ್ತೇನೆಂದು ಒಬ್ಬ ತಾಯಿಯ ಕೈಯಿಂದ ಕಿತ್ತುಕೊಂಡೆ. ಲೋಕವೇನೂ ಕೇಳಿರಲಿಲ್ಲ.

ಏಳು ಸಲ ತಿದ್ದಿದ ಆ ಅಚ್ಚಿನ ಪದ್ಯ ಇವತ್ತಿಗೂ ನನಗೆ ಬಾಯಿಗೆ ಬರುವುದಿಲ್ಲ. ಪುಸ್ತಕ ತೆಗೆದೇ ನೋಡಬೇಕು. ತಿದ್ದದೆ ಇದ್ದ ಮೊದಲನೆಯದು ಒಂದೇ ಸಲ ಓದಿದ್ದರೂ ಮರೆತಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ಗೋಡೆಯಾಚೆಯ ಮಗ್ಗಗಳು ಒಟ್ಟಿಗೆ ನಿಂತಾಗ ಅದರ ಮೊದಲ ಸಾಲು ತಾನಾಗಿ ನಾಲಿಗೆಗೆ ಬರುತ್ತದೆ. ಮೊದಲ ಸಾಲು ಎಂದರೆ ಆ ಮಗುವಿನ ಹೆಸರು, ಅಷ್ಟೇ. ನಾನು ಬಾಯಿ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಪಾಪಕ್ಕನೂ ಗೋಡೆಯಾಚೆ ಕೆಲಸ ನಿಲ್ಲಿಸಿ ಕೂತಿರುತ್ತಾಳೆ, ಮತ್ತು ಮಗ್ಗ ನಿಂತಾಗ ಆ ಮನೆಗೆ ಎಲ್ಲವೂ ಕೇಳಿಸುತ್ತದೆ.