ತಗಡಿನ ಎರಡನೇ ಸಾಲು

ಹಳೆಯ ಡೀಸೆಲ್ ಕಾರು ಆ ಚಳಿಗಾಲವನ್ನು ದಾಟಲಿಲ್ಲ. ಏಪ್ರಿಲಿನ ಒಂದು ಶುಕ್ರವಾರ ನನ್ನ ಗಂಡ ಡೆಸ್ ನೀಲಿ ಬಣ್ಣದ ಹೈಬ್ರಿಡ್ ಕಾರೊಂದನ್ನು ತಂದು ಮನೆಯ ಮುಂದೆ ನಿಲ್ಲಿಸಿದ. ಬ್ಯಾಟರಿಯಲ್ಲಿ ಓಡುತ್ತಿದ್ದುದರಿಂದ ಸದ್ದೇ ಇಲ್ಲ. ಅವನು ಕಿಟಕಿ ತಟ್ಟಿದ ಮೇಲೆಯೇ ನನಗೆ ಗೊತ್ತಾದದ್ದು. ಸೋಮವಾರದವರೆಗೆ ಓಡಿಸಿ ನೋಡಿ, ಒಪ್ಪಿಗೆಯಾದರೆ ಸಹಿ ಹಾಕಿ ಎಂದು ಅಂಗಡಿಯವರು ಕೊಟ್ಟಿದ್ದರಂತೆ.

“ಹೆಂಗಿದೆ ಮ್ಯೂರಿಯಲ್?”

“ಚೆನ್ನಾಗಿದೆ. ಕ್ಯಾರವಾನ್ ಎಳೆಯುತ್ತಾ?”

“ಎಳೆಯುತ್ತೆ ಬಿಡೇ. ಈಗಿನ ಕಾರುಗಳು ಏನ್ ಬೇಕಾದ್ರೂ ಎಳೀತವೆ. ಕೂತ್ಕೋ, ನಾನು ಟೀ ಮಾಡ್ತೀನಿ.”

ನಲವತ್ತಾರು ವರ್ಷದ ಸಂಸಾರದಲ್ಲಿ ಅವನು ಕೇಳದೆ ಟೀ ಮಾಡಿದ್ದು ಎರಡೇ ಸಲ. ಎರಡು ಸಲವೂ ಏನನ್ನೋ ಮುರಿದಿದ್ದ. ಆದರೂ ನಾನು ಸುಮ್ಮನೆ ಕುಡಿದೆ.

ಮೇ ಕೊನೆಯ ವಾರ ಬಂತೆಂದರೆ ನಾವು ಗಾಲಿಯ ಮೇಲಿನ ಪುಟ್ಟ ಮನೆಯಂಥ ಕ್ಯಾರವಾನನ್ನು ಕಾರಿನ ಹಿಂದೆ ಕಟ್ಟಿಕೊಂಡು, ಬಯಲು ಗುಡ್ಡಗಳನ್ನು ದಾಟಿ, ವಿಟ್ಬಿಯ ಸಮುದ್ರದ ದಂಡೆಗೆ ಹೋಗುವವರು. ಇಪ್ಪತ್ತಾರು ವರ್ಷದಿಂದ ಅದೇ ಹೊಲ, ಅದೇ ಮೂಲೆ. ವರ್ಷದ ಉಳಿದ ಐವತ್ತೊಂದು ವಾರಗಳನ್ನು ನಾನು ಆ ಒಂದು ವಾರದ ಕಡೆ ಮುಖ ಮಾಡಿಕೊಂಡೇ ಕಳೆಯುತ್ತೇನೆ. ಕಾರು ಎಳೆಯದಿದ್ದರೆ ಕ್ಯಾರವಾನ್ ಮನೆಯ ಪಕ್ಕದ ಗೋಡೆಗೆ ಒರಗಿಕೊಂಡು ಪಾಚಿ ಹಿಡಿಯಬೇಕು, ಅಷ್ಟೆ.

ನಾವಿಬ್ಬರೂ ಕಾಟಿಂಗಮ್‌ನ ಕ್ಯಾರವಾನ್ ಕಾರ್ಖಾನೆಯಲ್ಲಿ ದುಡಿದವರು. ನಾನು ದಿಂಬು, ಪರದೆ ಹೊಲಿಯುತ್ತಿದ್ದೆ. ಡೆಸ್ ಮೂವತ್ತೊಂದು ವರ್ಷ ಬಾಗಿಲ ಪಕ್ಕ ತೂಕದ ತಗಡನ್ನು ಬಡಿದು ಕೂರಿಸುತ್ತಿದ್ದ. ಗಾಡಿ ಎಷ್ಟು ಭಾರ ಹೊರಬಹುದು ಎಂದು ಅಚ್ಚೊತ್ತಿದ ಸಣ್ಣ ತಗಡು ಅದು. ಕೆಲಸ ಬಿಟ್ಟರೂ ಆ ಚಟ ಅವನನ್ನು ಬಿಡಲಿಲ್ಲ. ಸಮುದ್ರದ ದಂಡೆಗೆ ಬಂದ ಮೇಲೂ ಬೇರೆಯವರ ಕಾರಿನ ಬಾಗಿಲು ತೆಗೆಸಿ, ಚೌಕಟ್ಟಿಗೆ ಅಂಟಿಸಿದ ಅಂಥದೇ ತಗಡು ಓದಿ, “ನಿಮ್ಮ ಗಾಡಿ ನಲವತ್ತು ಕಿಲೋ ಜಾಸ್ತಿ ಆಯ್ತು ಕಣ್ರೀ, ಆ ಬಿಯರ್ ಡಬ್ಬಗಳನ್ನ ಮೊದಲು ಕುಡಿದು ಮುಗಿಸಿ” ಎನ್ನುತ್ತಿದ್ದ. ಅವನು ಬರುವುದನ್ನು ಕಂಡರೆ ಕೆಲವರು ಪರದೆ ಎಳೆದುಕೊಳ್ಳುತ್ತಿದ್ದರು.

ಶನಿವಾರ ಬೆಳಿಗ್ಗೆ ಅವನು ಬ್ರೆಡ್ ತರಲು ಹೋದಾಗ ನಾನು ಕನ್ನಡಕ ಹಾಕಿಕೊಂಡು ನೀಲಿ ಕಾರಿನ ಬಾಗಿಲು ತೆಗೆದೆ. ತಗಡಿನಲ್ಲಿ ನಾಲ್ಕು ಸಾಲು. ಮೊದಲನೆಯದು ಕಾರು ತುಂಬಿದಾಗಿನ ತೂಕ: ಸಾವಿರದ ಏಳುನೂರ ಹತ್ತು ಕಿಲೋ. ಎರಡನೆಯದು ಕಾರೂ ಹಿಂದಿನ ಗಾಡಿಯೂ ಸೇರಿ ಎಷ್ಟು ಎಂಬುದು. ಅಲ್ಲಿ ಅಂಕಿಯೇ ಇಲ್ಲ, ಬರೀ ಒಂದು ಅಡ್ಡಗೆರೆ. ಅಂದರೆ ಈ ಕಾರು ಕೈಗಾಡಿಯನ್ನೂ ಎಳೆಯುವಂತಿಲ್ಲ.

ಡೆಸ್ ಬಂದ. ನಾನು ಬೆರಳಿಟ್ಟು ತೋರಿಸಿದೆ.

“ಅಯ್ಯೋ, ನೋಡೇ ಇರ್ಲಿಲ್ಲ ಕಣೇ!” ಎಂದ. “ಛೇ, ಎಂಥಾ ಕೆಲಸ ಆಯ್ತು. ಬಣ್ಣ ಮಾತ್ರ ಚೆನ್ನಾಗಿತ್ತು.”

ನಾನು ಕ್ಯಾರವಾನಿನ ಬೀಗ ತೆಗೆದು ಒಳಗೆ ಹೋಗಿ ಕೂತೆ. ಕಂಡವರ ತಗಡನ್ನೆಲ್ಲ ಓದಿದ ಮನುಷ್ಯ ತಾನು ಕೊಳ್ಳುವ ಕಾರಿನ ತಗಡು ನೋಡಲಿಲ್ಲವೆಂದರೆ ನಂಬುವುದು ಹೇಗೆ? ಸ್ವಲ್ಪ ಹೊತ್ತಿನಲ್ಲಿ ಅವನೂ ಬಂದು ಎದುರು ಕೂತ. ನಾನು ಕಾದೆ. ಕಾಯುವುದು ನನಗೆ ಕಷ್ಟವಲ್ಲ; ಅವನಿಗೆ ಆಗುವುದಿಲ್ಲ.

“ಹೋದ ವರ್ಷ ವಿಟ್ಬಿಯಿಂದ ವಾಪಸ್ ಬರ್ತಾ ಗುಡ್ಡದ ಮೇಲೆ ಟೈರ್ ನೋಡ್ಬೇಕು ಅಂತ ಗಾಡಿ ನಿಲ್ಲಿಸಿದ್ನಲ್ಲ” ಎಂದ ಕೊನೆಗೆ.

“ಹೂಂ. ನನಗೆ ನಿದ್ದೆ ಬಂದಿತ್ತು.”

“ಟೈರ್ ಸರಿಯಾಗೇ ಇತ್ತು. ಒಂದು ಲಾರಿ ಪಕ್ಕದಲ್ಲಿ ಹಾದು ಹೋಯ್ತು ನೋಡು, ಹಿಂದೆ ಕಟ್ಟಿದ್ದ ಕ್ಯಾರವಾನ್ ಹಾವಿನ ಥರ ಹೊರಳೋಕೆ ಶುರುವಾಯ್ತು. ಕಾರನ್ನೂ ಎಳ್ಕೊಂಡು. ಹೆಂಗೋ ಸರಿ ಹೋಯ್ತು. ನೀನು ಬಾಯಿ ಬಿಟ್ಕೊಂಡು ಮಲಗಿದ್ದೆ.” ಅವನು ತನ್ನ ಅಂಗೈ ನೋಡಿಕೊಂಡ. “ಆಮೇಲಿಂದ ಸ್ಟಿಯರಿಂಗ್ ಮುಟ್ಟಿದ್ರೆ ಅದೇ ನೆನಪಾಗುತ್ತೆ ಕಣೇ.”

“ನನಗ್ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಲೋಕಕ್ಕೆಲ್ಲ ಬುದ್ಧಿ ಹೇಳ್ಕೊಂಡು ತಿರುಗಿದೋನಿಗೆ ಈಗ ಭಯ ಅಂತನಾ? ಕಾರಿಗೇ ಆಗಲ್ಲ ಅಂದ್ರೆ ನೀನು ಕಾರನ್ನ ಬೈಕೋತೀಯ, ನಾನು ಬಚಾವು ಅಂದ್ಕೊಂಡೆ.”

ಸಿಟ್ಟು ಬಂತು. ನನ್ನ ವಿಟ್ಬಿಯನ್ನು ಹೇಳದೆ ಕೇಳದೆ ಮುಗಿಸಲು ಹೊರಟಿದ್ದನಲ್ಲ ಎಂದು. ಆದರೆ ಹತ್ತು ತಿಂಗಳು ಆ ಭಯವನ್ನು ಒಬ್ಬನೇ ಹೊತ್ತುಕೊಂಡು ನನ್ನ ಪಕ್ಕದಲ್ಲಿ ಮಲಗಿದ್ದ ಎಂಬುದೂ ಹೊಳೆಯಿತು. ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ.

“ಸರಿ, ನಾನು ಓಡಿಸ್ತೀನಿ” ಎಂದೆ.

“ನೀನಾ? ಸೂಪರ್‌ಮಾರ್ಕೆಟ್ ಮುಂದೆ ಎರಡು ಕಾರಿನ ಜಾಗ ಹಿಡಿಯೋಳು!”

“ಹಿಡೀತೀನಪ್ಪ. ಯಾರಿಗಾದ್ರೂ ತಾಗ್ಸಿದೀನಾ?”

ಸೋಮವಾರ ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯ ಜಾನೀಸ್ ನಮ್ಮ ಮಾತು ಕೇಳಿ ಹುಬ್ಬೇರಿಸಿದಳು. “ಇದಕ್ಕೆ ಏನನ್ನೂ ಎಳೆಯೋ ಹಾಗಿಲ್ಲ ಅಂತ ನಾನು ಶುಕ್ರವಾರನೇ ಹೇಳಿದ್ನಲ್ಲ ಡೆಸ್? ‘ಅದೇ ಬೇಕು’ ಅಂದ್ರಿ!”

ಡೆಸ್ ಚಾವಣಿ ನೋಡತೊಡಗಿದ.

“ಎಳೆಯೋ ಹೈಬ್ರಿಡ್ ಯಾವುದಾದ್ರೂ ಇದೆಯಾ ತಾಯಿ?” ಎಂದೆ ನಾನು.

ಇತ್ತು. ಸ್ವಲ್ಪ ದೊಡ್ಡದು, ಕೆಸರಿನ ಬಣ್ಣ. ಜಾನೀಸ್ ಗುಣಗಾನ ಶುರು ಮಾಡುವ ಮೊದಲೇ ಡೆಸ್ ಬಾಗಿಲ ಬಳಿ ಮಂಡಿಯೂರಿದ್ದ. “ಮೊದಲನೇ ಸಾಲು ಎರಡು ಸಾವಿರದ ಇನ್ನೂರು. ಎರಡನೇ ಸಾಲು ಮೂರು ಸಾವಿರದ ಆರುನೂರೈವತ್ತು. ಕಳೆದ್ರೆ ಸಾವಿರದ ನಾನೂರೈವತ್ತು. ನಮ್ಮ ಗಾಡಿ ತುಂಬಿದ್ರೂ ಸಾವಿರದ ನೂರೆಂಬತ್ತು.” ಖಾಲಿ ಕಾರಿನ ತೂಕವನ್ನೂ ಕೇಳಿ, ಹಿಂದಿನ ಗಾಡಿ ಅದರ ನೂರಕ್ಕೆ ಎಂಬತ್ತೈದು ಪಾಲು ದಾಟುವುದಿಲ್ಲವೆಂದು ಕೈ ಮೇಲೆ ಲೆಕ್ಕ ಹಾಕಿದ; ಅದಕ್ಕಿಂತ ಭಾರವಾದರೆ ಗಾಡಿ ಕಾರನ್ನೇ ಎಳೆದಾಡುತ್ತದೆ ಎಂಬುದು ಅವನ ಹಳೆಯ ಪಾಠ. ಏಳಲು ನಾವಿಬ್ಬರೂ ಕೈ ಕೊಡಬೇಕಾಯಿತು. ಅವನ ಮುಖ ಮಾತ್ರ ಗೆಲುವಾಗಿತ್ತು.

ಮೂರು ಭಾನುವಾರ ಹಳೆಯ ವಿಮಾನ ಮೈದಾನದಲ್ಲಿ ಕಲಿತೆ. ಹಿಂದಕ್ಕೆ ಬಿಡುವುದೇ ಕಷ್ಟ. ಗಾಡಿ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಬಲಕ್ಕೆ ತಿರುಗಿಸಬೇಕು.

“ಬಲಕ್ಕೆ ಅಂದೆ!” ಡೆಸ್ ಹೊರಗೆ ನಿಂತು ಕೈ ಬೀಸುತ್ತಿದ್ದ.

“ಕೂಗಬೇಡ. ಕೂಗಿದ್ರೆ ನನಗೆ ಎರಡೂ ಒಂದೇ ಥರ ಕಾಣಿಸುತ್ತೆ.”

ಹೊರಡುವ ದಿನ ಅವನು ಬಚ್ಚಲುಮನೆಯ ತೂಕದ ಯಂತ್ರವನ್ನು ತಂದು, ಕಾರಿಗೆ ಸಿಕ್ಕಿಸುವ ಕ್ಯಾರವಾನಿನ ಮೂತಿಯನ್ನು ಅದರ ಮೇಲೆ ಕೂರಿಸಿ, ಎಂಬತ್ತು ಕಿಲೋ ಎಂದು ಎರಡು ಸಲ ನೋಡಿದ. ಕಾರಿನ ಕೊಂಡಿಗೆ ಹೆಚ್ಚಾಯಿತೆಂದು ನೀರಿನ ಡ್ರಮ್ಮನ್ನು ಹಿಂದಕ್ಕೆ, ಗಾಲಿಗಳ ಮೇಲಕ್ಕೆ ಸರಿಸಿದ. ಎಪ್ಪತ್ತಾಯಿತು. ಆಮೇಲೆ ಕಾರು ಹತ್ತಿ ನನ್ನ ಎಡಗಡೆ ಕೂತ.

ಗುಡ್ಡದ ಮೇಲೆ ಗಾಳಿಯಿತ್ತು. ಲಾರಿ ಬಂದದ್ದು ಕನ್ನಡಿಯಲ್ಲಿ ಕಂಡಿತು. ಡೆಸ್ ಬಾಗಿಲ ಹಿಡಿಯನ್ನು ಹಿಡಿದುಕೊಂಡ. “ಬ್ರೇಕ್ ಬೇಡ” ಎಂದ ಮೆಲ್ಲಗೆ. “ಕಾಲು ಮಾತ್ರ ಎತ್ತು. ಸ್ಟಿಯರಿಂಗ್ ನೆಟ್ಟಗಿರ್ಲಿ.” ನಾನು ಕಾಲು ಎತ್ತಿದೆ. ಲಾರಿ ಹಾದುಹೋಯಿತು. ಕ್ಯಾರವಾನ್ ಒಮ್ಮೆ ಮೈ ಕೊಡವಿ, ಹಸುವಿನಂತೆ ನಮ್ಮ ಹಿಂದೆ ಬಂತು.

ಸಮುದ್ರದ ಬೂದು ಗೆರೆ ಕಂಡಾಗ ಅವನು ಹಿಡಿಯನ್ನು ಬಿಟ್ಟು, ಜೇಬಿನಿಂದ ಒಂದು ಟಾಫಿ ತೆಗೆದು ಬಿಡಿಸಿ ನನ್ನ ಬಾಯಿಗಿಟ್ಟ. ಅರ್ಧ ಕಾಗದ ಅದರಲ್ಲೇ ಅಂಟಿಕೊಂಡಿತ್ತು. ನಾನು ಹಾಗೆಯೇ ಅಗಿದೆ.