ಹೆಚ್ಚು ಕರಾರುವಾಕ್ಕಾದ ಅಂಕಿ

ಲ್ಯಾಬಿನ ಅಕ್ಕನಿಗೆ ರಕ್ತ ಕಂಡರೆ ಎಂದೂ ಹೇಸಿಗೆಯಾದದ್ದಿಲ್ಲ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಅವಳಿಗೆ ಹೇಸಿಗೆ ಹುಟ್ಟಿಸಿದ್ದೆಲ್ಲ ಮನುಷ್ಯರೇ. ಇವತ್ತು ಆ ಸರದಿ ಪ್ರಬಂಧದ ಡಾಕ್ಟರದ್ದು.

ಎದೆಗೆ ಪೆಟ್ಟು ಬಿದ್ದು ಬಂದವರ ರಕ್ತದಲ್ಲಿ ಉರಿಯೂತದ ಒಂದು ಪ್ರೋಟೀನು ಎಷ್ಟು ಏರುತ್ತದೆಂದು ನೋಡಿ, ಯಾರು ಚೇತರಿಸಿಕೊಳ್ಳುತ್ತಾರೆ, ಯಾರ ಶ್ವಾಸಕೋಶ ಕೈಕೊಡುತ್ತದೆ ಎಂದು ಮೊದಲೇ ಹೇಳುವುದು ಅವರ ಪ್ರಬಂಧ. ಆರನೇ, ಹನ್ನೆರಡನೇ, ಇಪ್ಪತ್ತನಾಲ್ಕನೇ ಗಂಟೆಗೆ ಒಂದೊಂದು ಟ್ಯೂಬು ರಕ್ತ. ಅಂಕಿ ಏರದಿದ್ದರೆ ರೋಗಿ ಐಸಿಯುವಿನಿಂದ ವಾರ್ಡಿಗೆ.

ಇವತ್ತಿನ ಮೂರು ಟ್ಯೂಬು ಒಬ್ಬ ಗಾರೆ ಕೆಲಸದವನವು. ಊಟ ಮುಗಿಸಿ ಸಾರುವೆ ಹತ್ತಿದವನು ಜಾರಿ ಬಿದ್ದು ನಾಲ್ಕು ಪಕ್ಕೆಲುಬು ಮುರಿದುಕೊಂಡಿದ್ದ. ಅಂಕಿ ನಲವತ್ತೊಂದು, ನಲವತ್ತೆರಡು, ನಲವತ್ತೊಂದು. ಅಕ್ಕ ಟ್ಯೂಬುಗಳನ್ನು ಬೆಳಕಿಗೆ ಹಿಡಿದಳು. ಮೂರರಲ್ಲೂ ಮೇಲಿನ ತಿಳಿ ಹಾಲು ಬೆರೆಸಿದಂತೆ ಮಬ್ಬಾಗಿತ್ತು. ಹೊಟ್ಟೆತುಂಬ ಉಂಡವನ ರಕ್ತ ಹಾಗಿರುತ್ತದೆ, ಸರಿ. ಬಂದಾಗಿನಿಂದ ಬಾಯಿಗೆ ತೊಟ್ಟು ನೀರೂ ಬೀಳದವನ ಇಪ್ಪತ್ತನಾಲ್ಕನೇ ಗಂಟೆಯ ರಕ್ತ ಹೇಗೆ ಹಾಗಿದ್ದೀತು? ಮೂರನ್ನೂ ಒಂದೇ ಸಲ ಎಳೆದು, ಚೀಟಿಗಳ ಮೇಲೆ ಬೇರೆ ಬೇರೆ ಹೊತ್ತು ಬರೆದಿದ್ದರು.

ಅವಳು ಫೋನು ಮಾಡಿದಳು.

“ಅಯ್ಯೋ ಅಕ್ಕಾ, ಮೂರು ಮೂರು ಸಲ ಚುಚ್ಚೋಕೆ ಯಾರಿಗಿದೆ ಪುರುಸೊತ್ತು? ಮುಂದಿನ ವಾರ ಪ್ರಬಂಧ ಕಳಿಸ್ಬೇಕು,” ಎಂದು ಡಾಕ್ಟರು ನಕ್ಕರು. “ಕಂಪ್ಯೂಟರಲ್ಲಿ ನೋಡ್ದೆ, ಅಂಕಿ ಚೆನ್ನಾಗೇ ಬಂದಿದೆ. ಆಗ್ಲೇ ವಾರ್ಡಿಗೆ ಕಳಿಸ್ದೆ.”

“ನಾಚಿಕೆ ಆಗಲ್ವಾ ನಿಮಗೆ?” ಎಂದು ಅವಳು ಫೋನು ಕುಕ್ಕಿ ವಾರ್ಡಿಗೆ ಓಡಿದಳು.

ಗಾರೆಯವನು ಉಸಿರಿಗಾಗಿ ಒದ್ದಾಡುತ್ತಿದ್ದ. ತುಟಿ ಕಪ್ಪಿಟ್ಟಿತ್ತು.

“ರಕ್ತ ಚೆನ್ನಾಗಿದೆ ಅಂದ್ರಲ್ಲಾ, ಮತ್ಯಾಕೆ ಹೀಗಾಡ್ತಾರೆ?” ಎಂದು ಅವನ ಹೆಂಡತಿ ಕೇಳಿದಳು.

ಅಕ್ಕ ಹಿರಿಯ ಡಾಕ್ಟರನ್ನು ಕರೆಸಲು ನರ್ಸಿಗೆ ಕೂಗಿ ಹೇಳಿ, ತಾನೇ ರಕ್ತ ಎಳೆದು ಲ್ಯಾಬಿಗೆ ಒಯ್ದಳು. ಈ ಸಲ ತಿಳಿ ನಿಚ್ಚಳವಾಗಿತ್ತು. ಅಂಕಿ ಆರುನೂರ ಹತ್ತು.

ಸಂಜೆಯ ಹೊತ್ತಿಗೆ ಅವನು ಮತ್ತೆ ಐಸಿಯುವಿನಲ್ಲಿದ್ದ. ಬದುಕುತ್ತಾನೆ ಎಂದರು ಹಿರಿಯರು. ಪ್ರಬಂಧದ ಡಾಕ್ಟರು ಮಾತ್ರ ಬಾಗಿಲಲ್ಲೇ ಅವಳನ್ನು ಹಿಡಿದು, “ಇವನ್ನ ಲೆಕ್ಕದಿಂದ ಬಿಟ್ಬಿಡೋಣ ಅಕ್ಕಾ, ಗ್ರಾಫು ಕೆಡುತ್ತೆ,” ಎಂದರು. ಇಂಥವನಿಗೆ ಉಗಿದರೆ ಉಗುಳೂ ದಂಡ ಎಂದುಕೊಂಡು ಅವಳು ಮುಂದೆ ನಡೆದಳು. ಅವರ ವಿಷಯ ಮೇಲಿನವರಿಗೆ ಬರೆದು ತಿಳಿಸಲು ಅವಳು ಆಗಲೇ ನಿರ್ಧರಿಸಿದ್ದಳು.

ಗಾರೆಯವನ ಹೆಂಡತಿ ಎದುರಿಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. “ನಿಮ್ಮ ಕೈಯಿಂದ ಉಳಿದ್ರು ಅಕ್ಕಾ.”

ಅಕ್ಕನಿಗೆ ಕಳೆದ ತಿಂಗಳ ಲಾರಿ ಡ್ರೈವರ್ ನೆನಪಾದ. ಸ್ಟೀರಿಂಗು ಎದೆಗೆ ಬಡಿದು ಬಂದವನು. ಅವನ ಅಂಕಿ ಐವತ್ತೈದು, ಐವತ್ತೈದು, ಐವತ್ತಾರು. ಅವಳಿಜವಳಿಗಳಂತೆ ಬಂದ ಆ ಅಂಕಿಗಳನ್ನು ನೋಡಿ ಅವಳು ಹಿಗ್ಗಿಹೋಗಿದ್ದಳು. ನಮ್ಮ ಮೆಷಿನ್ನು ಎಷ್ಟು ಕರಾರುವಾಕ್ಕು ನೋಡ್ರೇ ಎಂದು ಎಲ್ಲರನ್ನೂ ಕರೆದು ತೋರಿಸಿ, ಜಂಬದಿಂದ ಸಹಿ ಹಾಕಿದ್ದಳು. ಅದನ್ನು ನಂಬಿ ವಾರ್ಡಿಗೆ ಕಳಿಸಿದ ಮಾರನೆಯ ದಿನವೇ ಅವನು ಸತ್ತಿದ್ದ.

ಅವಳು ಕೈ ಕಿತ್ತುಕೊಂಡಳು.

“ಮುಟ್ಬೇಡಮ್ಮಾ ನನ್ನ,” ಎಂದಳು.